ಹಳ್ಳದಾಚೆಯ ಶಾಲೆ

ಶಿರಸಿ, 22 ಜೂನ್ 2025, ಭಾನುವಾರ

ಆರಿದ್ರಾ ಮಳೆ ಹಿಡಿದಿದೆ. ಮುಂದಿನ ಗ್ರಾಮ ಪಂಚಾಯತ್ ಚುನಾವಣೆಗೆ ನಿಲ್ಲುವ ನಾನು ಶಿಕ್ಷಣದ ಬಗ್ಗೆ ನನ್ನ ನಿಲುವನ್ನು ಬರೆದಿಡಲು ಇದೇ ಸರಿಯಾದ ದಿನ. ಶಾಲೆ ನಿಜಕ್ಕೂ ಎಷ್ಟು ದೂರ ಎಂಬುದು ಗೊತ್ತಾಗುವುದು ಮಳೆಗಾಲದಲ್ಲೇ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದರಿಂದ ಐದನೇ ತರಗತಿಗೆ 1 ಕಿ.ಮೀ., ಆರರಿಂದ ಎಂಟಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಘಟ್ಟದ ಮೇಲಿನ ಮಜರೆಗಳಲ್ಲಿ ಈ ಅಳತೆ ಸೆಪ್ಟೆಂಬರ್‌ವರೆಗೆ ಉಪಯೋಗಕ್ಕೆ ಬರುವುದಿಲ್ಲ. ಹಳ್ಳ ದಾಟಿದರೆ 800 ಮೀಟರ್ ಇರುವ ಶಾಲೆ, ನೀರು ಏರಿದ ದಿನ ಸುತ್ತು ಬಳಸಿ ನಾಲ್ಕು ಕಿ.ಮೀ. ಆಗಬಹುದು. ಹಾಗಾಗಿ ಮಕ್ಕಳ ಸಂಖ್ಯೆ ಕಡಿಮೆ ಎಂದು ಶಾಲೆ ವಿಲೀನಕ್ಕೆ ಬಂದರೆ ನನ್ನದು ಒಂದೇ ಷರತ್ತು: ಜುಲೈನಲ್ಲಿ ಆ ದಾರಿಯನ್ನು ಅಧಿಕಾರಿಗಳು ನಡೆದು ನೋಡಬೇಕು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಗುವೊಂದಕ್ಕೆ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ಭತ್ಯೆಗೆ ಅವಕಾಶವಿದೆ. ಆದರೆ ದಾಖಲೆಯಲ್ಲಿ ಬೇಸಿಗೆ ದಾರಿಯ ದೂರ ಬರೆದರೆ ಆ ಮಗು ಅರ್ಹರ ಪಟ್ಟಿಗೇ ಸೇರುವುದಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಎರಡೂ ದಾರಿಯ ದೂರವನ್ನು ನಡಾವಳಿಯಲ್ಲಿ ಬರೆಸಬೇಕು.

ಇನ್ನು ಕಾಲುಸಂಕ, ಅಂದರೆ ಹಳ್ಳ ದಾಟುವ ಸಣ್ಣ ಕಾಲುಸೇತುವೆ. ಮೂರು ಅಡಿಕೆ ಮರ ಜೋಡಿಸಿ, ಬಳ್ಳಿಯಲ್ಲೋ ತಂತಿಯಲ್ಲೋ ಬಿಗಿದು, ಒಂದು ಬದಿಗೆ ಬಿದಿರಿನ ಕೈಹಿಡಿ ಕಟ್ಟುತ್ತೇವೆ. ಅದು ಮೊದಲು ಹಾಳಾಗುವುದು ನಡುವೆ ಅಲ್ಲ, ದಡದ ಮಣ್ಣಿನಲ್ಲಿ ಹೂತ ತುದಿಯಲ್ಲಿ. ಮೇಲಿನಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತದೆ, ಒಳಗೆ ತಿರುಳು ಕುಂಬಾಗಿರುತ್ತದೆ. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಸದ್ದಿನಲ್ಲೇ ತಿಳಿಯುತ್ತದೆ. ತುದಿಗಳನ್ನು ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ಕೂರಿಸಬೇಕು, ಪಾಚಿಗೆ ಜಾರದಂತೆ ಮೇಲೆ ಅಡ್ಡಪಟ್ಟಿ ಹೊಡೆಯಬೇಕು, ಮೇ ಕೊನೆಯೊಳಗೆ ಮರ ಬದಲಿಸಬೇಕು. ಕೈಹಿಡಿ ಎರಡೂ ಬದಿಗೆ ಬೇಕು, ಅದೂ ಎರಡನೇ ತರಗತಿಯ ಮಗುವಿನ ಕೈಗೆ ಸಿಗುವ ಎತ್ತರದಲ್ಲಿ.

ಸಿಮೆಂಟಿನ ಸಂಕಕ್ಕೆ ಲೋಕೋಪಯೋಗಿ ಇಲಾಖೆಯ 'ಶಾಲಾ ಸಂಪರ್ಕ ಸೇತು' ಯೋಜನೆ ಬಂದದ್ದು ಮಲೆನಾಡು, ಕರಾವಳಿಯ ಇಂಥ ಜಾಗಗಳಿಗಾಗಿಯೇ. ಏಪ್ರಿಲ್‌ನಲ್ಲಿ ಹಳ್ಳ ಒಣಗಿದಾಗ ಅಳತೆ ತೆಗೆದರೆ ಸಂಕ ತಗ್ಗಾಗುತ್ತದೆ, ಮೊದಲ ದೊಡ್ಡ ನೆರೆಗೇ ಮರದ ದಿಮ್ಮಿ ಬಂದು ಸಿಕ್ಕಿಕೊಂಡು ನೀರು ದಡ ಕೊರೆಯುತ್ತದೆ. ದಡದ ಮರಗಳ ಕೊಂಬೆಗೆ ಸಿಕ್ಕಿದ ಕಸ ಎಷ್ಟು ಎತ್ತರಕ್ಕಿದೆ ಎಂದು ಈಗಲೇ ಬಣ್ಣದಲ್ಲಿ ಗುರುತು ಮಾಡಿ, ಫೋಟೋ ತೆಗೆದು ಗ್ರಾಮಸಭೆಯ ಠರಾವಿಗೆ ಲಗತ್ತಿಸಬೇಕು.

ಶಿಕ್ಷಕರನ್ನು ನೇಮಿಸುವ ಅಧಿಕಾರ ಪಂಚಾಯತ್‌ಗಿಲ್ಲ. ಇದೆ ಎಂಬಂತೆ ಮತ ಕೇಳುವುದು ತಪ್ಪು. ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಒಬ್ಬರು ತರಬೇತಿಗೆ ಹೋದ ದಿನ ಅದು ಏಕೋಪಾಧ್ಯಾಯ ಶಾಲೆಯೇ. ಒಟ್ಟಿಗೆ ಕೂತು ಕಲಿಯುವ ನಲಿಕಲಿಯ ಒಂದರಿಂದ ಮೂರನೇ ತರಗತಿ ಒಂದು ಕೋಣೆಯಲ್ಲಿ, ನಾಲ್ಕು-ಐದು ಇನ್ನೊಂದರಲ್ಲಿ, ನಡುವೆ ಬಿಸಿಯೂಟದ ಲೆಕ್ಕ, ಮಗುವಿಗೆ 18 ಗ್ರಾಂನಂತೆ ಹಾಲಿನ ಪುಡಿಯ ಲೆಕ್ಕ. ಅತಿಥಿ ಶಿಕ್ಷಕರ ಗೌರವಧನ ತಿಂಗಳುಗಟ್ಟಲೆ ತಡವಾದರೆ ಅವರು ಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆಯಲು ಹೋಗುತ್ತಾರೆ. ಅವರನ್ನು ದೂರುವಂತಿಲ್ಲ. ಗೌರವಧನ ಪ್ರತಿ ತಿಂಗಳೂ ಸಿಗಬೇಕು ಎಂಬುದನ್ನು ನಾನು ಎಲ್ಲ ವೇದಿಕೆಯಲ್ಲೂ ಹೇಳುತ್ತೇನೆ. ಕಾಂಪೌಂಡು, ಶೌಚಾಲಯದಂಥ ಕೆಲಸ ಉದ್ಯೋಗ ಖಾತ್ರಿಯಲ್ಲಿ ಆಗುತ್ತದೆ, ಅದು ಪಂಚಾಯತ್‌ನ ಕೈಯಲ್ಲೇ ಇದೆ.

ಹೈಸ್ಕೂಲು ಹಳ್ಳಿಗಳ ಹತ್ತಿರ ಬರಬೇಕೆಂದು ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದ ಜಿಲ್ಲೆ ಇದು. ಇವತ್ತು ಎಂಟನೇ ತರಗತಿಯ ನಂತರ ಮಗು ಶಾಲೆ ಬಿಡುತ್ತದೋ ಇಲ್ಲವೋ ಎಂಬುದು ಹೆಚ್ಚಾಗಿ ಸಂಜೆಯ ಬಸ್ಸಿನ ಮೇಲೆ ನಿಂತಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ, ಗಂಡುಮಕ್ಕಳು ಸೇವಾಸಿಂಧುವಿನಲ್ಲಿ ಪಾಸಿಗೆ ಅರ್ಜಿ ಹಾಕುತ್ತಾರೆ. ಪಾಸು ಇದ್ದೂ, ಶಾಲೆ ಬಿಡುವ ಹತ್ತು ನಿಮಿಷ ಮೊದಲೇ ಬಸ್ಸು ಹೋದರೆ ಏನು ಬಂತು? ಬರೀ ಬಸ್ಸು ಬೇಕು ಎಂದು ಬರೆದ ಮನವಿ ಕಡತದಲ್ಲೇ ಉಳಿಯುತ್ತದೆ. ಯಾವ ನಿಲ್ದಾಣದಲ್ಲಿ ಎಷ್ಟು ಮಕ್ಕಳು, ಶಾಲೆ ಬಿಡುವ ಹೊತ್ತು ಯಾವುದು, ಈಗಿನ ಬಸ್ಸು ಎಷ್ಟಕ್ಕೆ ಹೊರಡುತ್ತದೆ, ಮಳೆಗಾಲದಲ್ಲಿ ಎಲ್ಲಿಯವರೆಗೆ ಮಾತ್ರ ಬರುತ್ತದೆ, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು, ಮುಖ್ಯಶಿಕ್ಷಕರ ಸಹಿ ಹಾಕಿಸಿ, ಪಂಚಾಯತ್ ಠರಾವಿನೊಂದಿಗೆ ಶಿರಸಿಯಲ್ಲಿರುವ ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿಗೆ ಕೊಡಬೇಕು. ನಮ್ಮ ಭಾಗದ ಹಾಳೆಯನ್ನು ಈ ವಾರ ತುಂಬಿಸುತ್ತಿದ್ದೇವೆ. ಮೂರು ನಿಲ್ದಾಣದ ಲೆಕ್ಕ ಬಾಕಿ ಇದೆ.