ಬೀಗದ ಕೈ ಭದ್ರವಾಗಿದೆ ಮೇಡಂ

"ಈ ತ್ರೈಮಾಸಿಕದಲ್ಲಿ ಮಕ್ಕಳಿಂದ ಬಂದ ದೂರುಗಳು, ಶೂನ್ಯ." ಮೊನ್ನೆ ಹಾಸನದಲ್ಲಿ, ಆಸರೆ ಬೇಕಾದ ಮಕ್ಕಳನ್ನು ಇರಿಸುವ ಬಾಲಮಂದಿರಗಳ ಪರಿಶೀಲನಾ ಸಭೆಯಲ್ಲಿ ಇದನ್ನು ಓದಿದ್ದೇ ತಡ, ಮೇಜಿನ ತುದಿಯಲ್ಲಿದ್ದ ಸಾಹೇಬರು 'ವೆರಿ ಗುಡ್' ಅಂದು ಮುಂದಿನ ಪುಟಕ್ಕೆ ಹೋದರು. ಸದಸ್ಯೆಯೊಬ್ಬರು ಮಾತ್ರ ಬಿಡಲಿಲ್ಲ.

"ಸಲಹಾ ಪೆಟ್ಟಿಗೆ ಎಲ್ಲಿಟ್ಟಿದೀರಿ?"

"ನನ್ನ ಆಫೀಸ್ ಬಾಗಿಲ ಪಕ್ಕದಲ್ಲೇ ಮೇಡಂ."

"ಬೀಗದ ಕೈ?"

"ನನ್ನ ಹತ್ರಾನೇ ಇದೆ. ಭದ್ರವಾಗಿದೆ ಮೇಡಂ."

ಯಾರೂ ನಗಲಿಲ್ಲ. ನಗುವಂಥದ್ದೇನಿದೆ ಅಂತ ಬಹುಪಾಲು ಜನಕ್ಕೆ ಹೊಳೆದಂತಿರಲಿಲ್ಲ. ಉತ್ತರ ಕೊಟ್ಟ ಬಾಲಮಂದಿರದ ಅಧೀಕ್ಷಕಿ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಯಾವ ಮಗು ಸೊಪ್ಪು ತಿನ್ನಲ್ಲ, ಯಾವುದು ರಾತ್ರಿ ಎದ್ದು ಅಳುತ್ತೆ ಅನ್ನುವುದೆಲ್ಲ ಅವರಿಗೆ ಬಾಯಿಪಾಠ. 'ಭದ್ರವಾಗಿದೆ' ಅಂದದ್ದೂ ಹೆಮ್ಮೆಯಿಂದಲೇ.

ಆದರೆ 2016ರ ಬಾಲನ್ಯಾಯ ಮಾದರಿ ನಿಯಮಗಳು ಹೇಳುವುದು ಇದಕ್ಕೆ ತದ್ವಿರುದ್ಧ. ಮಕ್ಕಳು ದೂರು, ಸಲಹೆ ಬರೆದು ಹಾಕುವ ಈ ಪೆಟ್ಟಿಗೆ ಕಚೇರಿಯಿಂದ ದೂರ, ಮಕ್ಕಳು ಮಲಗುವ ಕೋಣೆಗಳ ಹತ್ತಿರ ಇರಬೇಕು. ಬೀಗದ ಕೈ ಬಾಲಮಂದಿರದ ನಿರ್ವಹಣಾ ಸಮಿತಿಯ ಅಧ್ಯಕ್ಷರ ಬಳಿ, ಅಂದರೆ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ ಬಳಿ ಇರಬೇಕು. ವಾರಕ್ಕೊಮ್ಮೆ, ಅಲ್ಲಿನ ಮಕ್ಕಳದ್ದೇ ಸಮಿತಿಯವರ ಎದುರಿಗೇ ತೆಗೆಯಬೇಕು. ಯಾರ ಮೇಲೆ ದೂರು ಬರಬಹುದೋ ಅವರ ಕೈಗೇ ಬೀಗದ ಕೈ ಕೊಟ್ಟರೆ ಶೂನ್ಯ ಬಿಟ್ಟು ಇನ್ನೇನು ಬಂದೀತು? ಮೂರು ತಿಂಗಳಲ್ಲಿ ಮೂವತ್ತು ಮಕ್ಕಳ ಪೈಕಿ ಒಂದಾದರೂ 'ಸಾರು ನೀರು ನೀರಾಗಿದೆ' ಅಂತ ಬರೆದಿಲ್ಲ ಅಂದರೆ ಮೊದಲು ಅನುಮಾನ ಪಡಬೇಕಾದದ್ದು ಪೆಟ್ಟಿಗೆಯ ಮೇಲೆ. ಬೀಗ ತುಕ್ಕು ಹಿಡಿದಿದೆಯಾ, ಪಕ್ಕದಲ್ಲಿ ಚೀಟಿ ಪೆನ್ಸಿಲ್ ಇದೆಯಾ, ಚಿಕ್ಕ ಮಗುವಿಗೆ ಕೈ ಎಟುಕುತ್ತಾ, ಇಷ್ಟು ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಪೆಟ್ಟಿಗೆ ತೆರೆದ ದಿನಗಳ ಪುಸ್ತಕದಲ್ಲಿ: ತಾರೀಖು, ಎದುರಿಗಿದ್ದ ಮಕ್ಕಳು, ಸಿಕ್ಕ ಚೀಟಿಗಳು. ಏನೂ ಸಿಗದ ವಾರವನ್ನೂ ಬರೆದಿರಬೇಕು.

ತಪಾಸಣೆಯದ್ದೂ ಇದೇ ಪಾಡು. ಬಾಲನ್ಯಾಯ ಕಾಯ್ದೆಯ 54ನೇ ಕಲಂ ಪ್ರಕಾರ ಕನಿಷ್ಠ ಮೂವರ ತಂಡ, ಅದರಲ್ಲೊಬ್ಬರು ಮಹಿಳೆ, ಒಬ್ಬರು ವೈದ್ಯಾಧಿಕಾರಿ, ಮೂರು ತಿಂಗಳಿಗೊಮ್ಮೆಯಾದರೂ ಭೇಟಿ. ವಾರದೊಳಗೆ ವರದಿ, ಅದಾಗಿ ತಿಂಗಳೊಳಗೆ ಕ್ರಮ. ಕಾಗದದ ಮೇಲೆ ಎಲ್ಲ ಸರಿ. ಆದರೆ ತಂಡ ಬೆಳಿಗ್ಗೆ ಹನ್ನೊಂದಕ್ಕೆ, ಹಿಂದಿನ ದಿನವೇ ಫೋನ್ ಮಾಡಿ ಬಂದರೆ ಮಕ್ಕಳು ಶಾಲೆಯಲ್ಲಿರುತ್ತಾರೆ. ನೋಡಸಿಗುವುದು ಒರೆಸಿದ ನೆಲ, ಮಡಿಸಿಟ್ಟ ಕಂಬಳಿ. ಹೋಗಬೇಕಾದದ್ದು ಸಂಜೆ ಆರರ ಮೇಲೆ. ಮಲಗುವ ಕೋಣೆಯಲ್ಲಿ ಮಗುವಿಗೆ 40 ಚದರಡಿ ಲೆಕ್ಕ. 25 ಮಕ್ಕಳಿಗೆ 1000 ಚದರಡಿ. ಟೇಪ್ ಹಿಡಿದು ಅಳೆಯಿರಿ. ಹಾಜರಿ ಪುಸ್ತಕವನ್ನು ಅಕ್ಕಿ ದಾಸ್ತಾನಿನ ಪುಸ್ತಕದ ಪಕ್ಕ ಇಡಿ. ಎರಡೂ ಒಂದೇ ಮಾತು ಹೇಳದಿದ್ದರೆ ಅಲ್ಲಿಂದ ಕೇಳಲು ಶುರುಮಾಡಿ.

ಇನ್ನು ಸರಾಸರಿ. ಇಂಥ ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ವಿಚಾರಣೆ ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಒಂಬತ್ತು ಕಡತ 20 ದಿನಕ್ಕೆ ಮುಗಿದು ಒಂದು ಮಾತ್ರ 700 ದಿನ ಕೂತಿದೆ ಅನ್ನಿ. ಸರಾಸರಿ 88 ದಿನ! ಚಪ್ಪಾಳೆ. ಆ ಒಂದು ಮಗು ಎರಡು ವರ್ಷ ದೊಡ್ಡದಾಗಿರುತ್ತದೆ. ಹಾಗಾಗಿ ಸಭೆಯಲ್ಲಿ ಸರಾಸರಿ ಬೇಡ, ಎಲ್ಲಕ್ಕಿಂತ ಹಳೆಯ ಕಡತ ತರಿಸಿ ಓದಿಸಬೇಕು. ಬೇರೆ ಕೇಂದ್ರಕ್ಕೆ ವರ್ಗ ಮಾಡಿದ್ದನ್ನು 'ವಿಲೇವಾರಿ'ಗೆ ಸೇರಿಸಿದ್ದಾರಾ ಅಂತಲೂ ನೋಡಬೇಕು. ಇಲ್ಲಿ ಮುಗಿದದ್ದು ಅಲ್ಲಿ ಹೊಸದಾಗಿ ಶುರುವಾಗಿರುತ್ತದೆ, ಅಷ್ಟೇ.

ಕಡತ ಕೂರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಕೊಯ್ಲಿಗೆ ಬಂದ ಕುಟುಂಬದ ಮಗು ಅಂದುಕೊಳ್ಳಿ. ಮಗುವಿನ ಮನೆಯ ಪರಿಸ್ಥಿತಿ ತಿಳಿಸುವ ಸಾಮಾಜಿಕ ತನಿಖಾ ವರದಿಗೆ 15 ದಿನ ಗಡುವು. ಕ್ಷೇತ್ರ ಕಾರ್ಯಕರ್ತ ಬಸ್ಸಿಳಿದು ತೋಟದೊಳಗೆ ನಡೆದು ಹೋಗುವಷ್ಟರಲ್ಲಿ ಕೊಯ್ಲು ಮುಗಿದು ಲೈನ್ ಮನೆಗೆ, ಅಂದರೆ ಕೂಲಿಯವರ ಸಾಲುಮನೆಗೆ ಬೀಗ. ತೋಟದ ಲೆಕ್ಕ ಬರೆಯುವ ರೈಟರಿಗೆ ಗೊತ್ತಿರುವುದು ಕೂಲಿಯವರನ್ನು ಕರೆತಂದ ಮೇಸ್ತ್ರಿಯ ನಂಬರ್ ಮಾತ್ರ, ಅದೂ ಸ್ವಿಚ್ ಆಫ್. ಮಗು ಸಿಕ್ಕ ದಿನವೇ ಊರಿನ ವಿಳಾಸ, ಮೇಸ್ತ್ರಿಯ ಹೆಸರು, ಹಿಂದೆ ಓದಿದ ಶಾಲೆ ಬರೆದುಕೊಂಡರೆ ತಿಂಗಳುಗಟ್ಟಲೆ ಅಲೆದಾಟ ಉಳಿಯುತ್ತದೆ. ತಡವಾದವರನ್ನು ಸಭೆಯಲ್ಲಿ ನಿಲ್ಲಿಸಿ ಬೈಯುವ ಸಾಹೇಬರು ಆ ಲೈನ್ ಮನೆಯ ತನಕ ಒಮ್ಮೆ ಹೋಗಿಬರಲಿ.

ಮಗು ಕುಟುಂಬದಲ್ಲೇ ಬೆಳೆಯಲಿ ಅಂತ ಕೊಡುವ ಪ್ರಾಯೋಜಕತ್ವದ ಹಣದ ಲೆಕ್ಕವೂ ಅಷ್ಟೇ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ ₹4000, ಹಳ್ಳಿಯ ಕುಟುಂಬಕ್ಕೆ ವಾರ್ಷಿಕ ಆದಾಯ ಮಿತಿ ₹72,000. ಆದಾಯ ಪ್ರಮಾಣಪತ್ರದಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಮಂಜೂರಾದ ಹಣವೂ ನಿಲ್ಲುತ್ತದೆ. ಮಂಜೂರಾದ ತಾರೀಖು ಬೇರೆ, ಮಗುವನ್ನು ಸಾಕುವ ಅಜ್ಜಿಯ ಖಾತೆಗೆ ಬಿದ್ದ ತಾರೀಖು ಬೇರೆ. ಎರಡಕ್ಕೂ ಒಂದೊಂದು ಕಾಲಂ ಬೇಕು. ಮೊನ್ನೆ ಹಂಚಿದ ಪಟ್ಟಿಯಲ್ಲಿ ಮೊದಲನೆಯದಷ್ಟೇ ಇತ್ತು.