ಕರೆಂಟ್ ಹೋದಾಗ ಹ್ಯಾಚರ್ ಬಾಗಿಲು ಮುಚ್ಚಿಡಬೇಡಿ

ಹ್ಯಾಚರಿಯಲ್ಲಿ ಕರೆಂಟ್ ಹೋದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಮೊಟ್ಟೆ ತಣ್ಣಗಾಗುತ್ತವೆ, ಬಾಗಿಲು ಮುಚ್ಚಿ. ಮೊದಲ ದಿನಗಳ ಕಾವಿನ ಮಷಿನ್, ಅಂದರೆ ಸೆಟ್ಟರ್‌ನಲ್ಲಿರುವ ಹೊಸ ಮೊಟ್ಟೆಗಳಿಗೆ ಅದು ಸರಿ. ಮರಿ ಹೊರಬರುವ ಕೊನೆಯ ದಿನಗಳ ಮಷಿನ್, ಅಂದರೆ ಹ್ಯಾಚರ್‌ಗೆ ಇಳಿಸಿದ ಬಾತು ಮೊಟ್ಟೆಗೆ ಅದೇ ಮುಳುವಾಗುತ್ತದೆ.

ನಮ್ಮದು ಮೊದಲಿನಿಂದ ಕೋಳಿ ಹ್ಯಾಚರಿ. ಖಾಕಿ ಕ್ಯಾಂಪ್‌ಬೆಲ್ ತಳಿಯ ಬಾತು ಮರಿ ಕೇಳುವವರು ಜಾಸ್ತಿಯಾದರು ಅಂತ ಯಜಮಾನರು ಅದೇ ಮಷಿನ್‌ಗೆ ಬಾತು ಮೊಟ್ಟೆ ಹಾಕಿಸಿದರು. ಕೋಳಿಗೆ 21 ದಿನ, ಬಾತಿಗೆ 28. ಅವರ ಪ್ರಕಾರ ಇರುವ ವ್ಯತ್ಯಾಸ ಅಷ್ಟೇ.

25ನೇ ದಿನ ಸೆಟ್ಟರ್‌ನಿಂದ ಹ್ಯಾಚರ್‌ಗೆ ಟ್ರಾನ್ಸ್‌ಫರ್ ಆಗಿತ್ತು. 27ನೇ ದಿನ ರಾತ್ರಿ ಪಿಪ್, ಅಂದರೆ ಮರಿ ಒಳಗಿನಿಂದ ಚಿಪ್ಪು ಒಡೆಯುವುದು, ಶುರುವಾಗಿತ್ತು. ಡಿಸೆಂಬರ್ ಚಳಿ ಬೇರೆ. ಕರೆಂಟ್ ಹೋಯಿತು, ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು. ಡೀಸೆಲ್ ಲೈನಿನಲ್ಲಿ ಏರ್. ಹುಡುಗ ಗೋಣಿಚೀಲ ತಂದು ಹ್ಯಾಚರ್ ಮೇಲೆ ಹೊದಿಸಿದ. ಯಜಮಾನರು ಫೋನಿನಲ್ಲಿ, "ಬಾಗಿಲು ತೆಗೆದೀರಾ ಜೋಕೆ" ಅಂದರು. ನನಗೂ ಅದೇ ಸರಿ ಅನ್ನಿಸಿತು.

ಗಾಜಿನಾಚೆಯ ಥರ್ಮಾಮೀಟರ್ 99 ಡಿಗ್ರಿ ಫ್ಯಾರನ್‌ಹೀಟ್ ಇದ್ದದ್ದು 100 ದಾಟಿತು. ಆಮೇಲೆ 102. ಹೀಟರೇ ಆಫ್, ಏರುವುದು ಹೇಗೆ? ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡೆ. ಟಾರ್ಚ್ ಹಿಡಿದು ಸ್ಟೋರಿನಲ್ಲಿ ಇನ್ನೊಂದನ್ನು ಹುಡುಕುತ್ತಾ ನಿಂತೆ. ಒಳಗೆ ಮರಿಗಳು ಜೋರಾಗಿ ಕೂಗುತ್ತಿದ್ದವು. "ಅಣ್ಣ, ಚೆನ್ನಾಗಿ ಬರ್ತಾ ಇದಾವೆ" ಅಂತ ಹುಡುಗನಿಗೆ ಖುಷಿ. ಕೊನೆಗೆ ಬಾಗಿಲು ತೆಗೆದು ಕೈ ಇಟ್ಟರೆ ಮೇಲಿನ ಟ್ರೇ ಸುಡುತ್ತಿತ್ತು, ಕೆಳಗಿನದು ಬೆಚ್ಚಗಷ್ಟೇ ಇತ್ತು. ಒಡೆದ ಚಿಪ್ಪಿನೊಳಗೆ ಕೊಕ್ಕು ಬಿಟ್ಟು ಮರಿಗಳು ಏದುಸಿರು ಬಿಡುತ್ತಿದ್ದವು.

ಬೆಳೆದ ಮರಿ ತಾನೇ ಶಾಖ ಬಿಡುತ್ತದೆ. ಬಾತು ಮೊಟ್ಟೆ ದೊಡ್ಡದು, ಆ ಶಾಖ ಬೇಗ ಹೊರಗೆ ಹೋಗುವುದಿಲ್ಲ. ಫ್ಯಾನ್ ನಿಂತರೆ ಬಿಸಿಯೆಲ್ಲ ಮೇಲಿನ ಟ್ರೇಗೆ ಏರುತ್ತದೆ, ಹೊಸ ಗಾಳಿಯೂ ಇಲ್ಲ. ಗೋಣಿಚೀಲ ಕಿತ್ತೆಸೆದು ಬಾಗಿಲು ತೆರೆದಿಟ್ಟೆವು. ಟ್ರೇ ಮೇಲೆ ಕೆಳಗೆ ಬದಲಾಯಿಸಿದೆವು. ಪೊರೆ ಒಣಗದಿರಲಿ ಅಂತ ಉಗುರುಬೆಚ್ಚಗಿನ ನೀರು ಸ್ಪ್ರೇ ಮಾಡಿದೆವು.

ಮೇಲಿನ ಟ್ರೇಯಲ್ಲಿದ್ದವು ತುಂಬಾ ಪಿಪ್‌ನಲ್ಲೇ ಸತ್ತವು. ಬಂದ ಮರಿಗಳಿಗೆ ಹೊಕ್ಕುಳು ಮುಚ್ಚಿರಲಿಲ್ಲ, ಕಾಲು ನಿಲ್ಲುತ್ತಿರಲಿಲ್ಲ. ಬೇರೆ ಇಡೋಣ ಅಂದರೆ ಜಾಗ ಇಲ್ಲ ಅಂತ ಯಜಮಾನರು ಎಲ್ಲವನ್ನೂ ಮರಿ ಬೆಚ್ಚಗಿಡುವ ಒಂದೇ ಬ್ರೂಡರ್‌ಗೆ ಬಿಡಿಸಿದರು. ಗಟ್ಟಿಯಾಗಿದ್ದವು ತುಳಿದುಕೊಂಡು ಓಡಾಡಿದವು, ಸೋತ ಮರಿಗಳಿಗೆ ನೀರೂ ಸಿಗಲಿಲ್ಲ.

ಆಫೀಸಿನಲ್ಲಿ ಬಂದ ತೀರ್ಪು: ಫೀಡ್ ಸರಿಯಿಲ್ಲ. ಫೀಡಿನಿಂದಲೂ ಬಾತು ಮರಿ ಹಾಳಾಗುತ್ತವೆ, ಇಲ್ಲ ಅನ್ನುವುದಿಲ್ಲ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ಅವಕ್ಕೆ ನೇರ ವಿಷ. ಕೋಳಿ ಮರಿಯ ಸ್ಟಾರ್ಟರ್ ಫೀಡ್ ಕೊಟ್ಟರೆ ನಿಯಾಸಿನ್ ಅನ್ನುವ ವಿಟಮಿನ್ ಸಾಲದೆ ಕಾಲು ಸೊಟ್ಟಗಾಗುತ್ತದೆ. ಆದರೆ ಅದು ತಿಂದು ಕೆಲವು ದಿನವಾದ ಮೇಲಿನ ಕಥೆ. ಒಂದು ಕಾಳೂ ಮುಟ್ಟದ ಮರಿ ಬಿದ್ದರೆ ಹ್ಯಾಚರ್ ಕಡೆ ನೋಡಬೇಕು ಅಲ್ವಾ?

ಈಗ ಹೊರಬರದ ಮೊಟ್ಟೆಗಳನ್ನೆಲ್ಲ ಒಡೆದು ರಿಜಿಸ್ಟರ್‌ನಲ್ಲಿ ಬೇರೆ ಬೇರೆ ಕಾಲಂಗೆ ಬರೆಯುತ್ತೇನೆ. ಕ್ಲಿಯರ್ ಮೊಟ್ಟೆ, ಅಂದರೆ ಒಳಗೆ ಮರಿ ಬೆಳೆದೇ ಇಲ್ಲದವು, ಜಾಸ್ತಿ ಇದ್ದರೆ ಗಂಡು ಬಾತು ಕಮ್ಮಿ ಇವೆಯೋ, ವಾರಕ್ಕಿಂತ ಹಳೇ ಮೊಟ್ಟೆ ತುಂಬಿದ್ದಾರೋ ನೋಡುತ್ತೇನೆ. ಪಿಪ್‌ನಲ್ಲಿ ಸತ್ತದ್ದಿದ್ದರೆ ಹ್ಯಾಚರ್‌ನ ವೆಟ್ ಬಲ್ಬ್ (ತೇವದ ಅಳತೆ), ಗಾಳಿ, ಬಿಸಿ ನೋಡುತ್ತೇನೆ. ಯಜಮಾನರು ಕಣ್ಣು ಹಾಯಿಸುವುದು ಒಟ್ಟು ಪರ್ಸೆಂಟೇಜ್ ಮೇಲೆ ಮಾತ್ರ.

ಕರೆಂಟ್ ಹೋದರೆ ತಾನೇ ಜನರೇಟರ್‌ಗೆ ಬದಲಾಗುವ ಆಟೋ ಚೇಂಜ್‌ಓವರ್ ಕೇಳಿದ್ದೆ. ಟೆಂಪರೇಚರ್ ಅಲಾರಂ ಬಂದಿದೆ. ಅದಕ್ಕೆ ಬ್ಯಾಟರಿ ಇಲ್ಲ, ಕರೆಂಟ್ ಇದ್ದರೆ ಹೊಡೆಯುತ್ತದೆ.