ಸ್ಕೇಪ್‌ಗೋಟ್ ಅಂದರೆ ಬಲಿಪಶು ತಾನೇ?

ಅನುವಾದ ಮಾಡುವ ನನ್ನನ್ನು ಜನ ಜಾಸ್ತಿ ಕೇಳುವ ಪ್ರಶ್ನೆ ಇದು. ಬಳಕೆಯಲ್ಲಿ ಹೌದು, ಬೇರೆಯವರ ತಪ್ಪಿಗೆ ಪೆಟ್ಟು ತಿನ್ನುವವರಿಗೆ ಎರಡನ್ನೂ ಹೇಳುತ್ತೇವೆ. ಆದರೆ ಮೂಲ ಕಥೆಯಲ್ಲಿ ಸ್ಕೇಪ್‌ಗೋಟ್ ಬಲಿಯಾದ ಹೋತವಲ್ಲ. ಬಲಿಯಾಗದೆ ಉಳಿದದ್ದು.

ಬೈಬಲಿನ ಯಾಜಕಕಾಂಡದ 16ನೇ ಅಧ್ಯಾಯ ತೆಗೆಯಿರಿ. ಯೆಹೂದ್ಯರು ಯೋಮ್ ಕಿಪ್ಪೂರ್ ಅನ್ನುವ, ಪಾಪ ಕಳೆದುಕೊಳ್ಳುವ ದಿನದ ವಿಧಿ ಅಲ್ಲಿದೆ. ಮಹಾಯಾಜಕ ಆರೋನ ಎರಡು ಹೋತಗಳನ್ನು ನಿಲ್ಲಿಸಿ ಚೀಟಿ ಹಾಕುತ್ತಾನೆ. ಒಂದು ದೇವರಿಗೆ, ಇನ್ನೊಂದು ಅಜಾಜೇಲನಿಗೆ (ಅದು ಯಾರು, ಏನು ಅನ್ನುವುದಕ್ಕೆ ಆಮೇಲೆ ಬರುತ್ತೇನೆ). ದೇವರ ಪಾಲಿನದನ್ನು ಕೊಯ್ಯುತ್ತಾರೆ. ಇನ್ನೊಂದರ ತಲೆ ಮೇಲೆ ಆರೋನ ಎರಡೂ ಕೈ ಇಟ್ಟು, ಜನರ ಪಾಪಗಳನ್ನೆಲ್ಲ ಬಾಯಿಬಿಟ್ಟು ಹೇಳುತ್ತಾನೆ. ಆಮೇಲೆ ಒಬ್ಬಾತ ಅದನ್ನು ಮರುಭೂಮಿಗೆ ಕರೆದೊಯ್ದು ಬಿಟ್ಟು ಬರುತ್ತಾನೆ. ಅವನು ಬಟ್ಟೆ ಒಗೆದು, ಮೈ ತೊಳೆದುಕೊಂಡೇ ಪಾಳೆಯದೊಳಗೆ ಬರಬೇಕು. ಪಾಪ ಮೈಗೆ ಅಂಟುತ್ತದೆ ಅನ್ನುವ ಭಯ ಎಷ್ಟಿತ್ತು ನೋಡಿ! ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟೋದು ಅಂತೀವಲ್ಲ, ಇಲ್ಲಿ ಅದು ಕಣ್ಣೆದುರೇ ನಡೆಯುತ್ತದೆ.

ಮುಂದಿನ ಕಾಲದಲ್ಲಿ ಆ ಹೋತಕ್ಕೂ ಉಳಿಗಾಲವಿರಲಿಲ್ಲ. ಕೊಂಬುಗಳ ನಡುವೆ ಕೆಂಪು ಉಣ್ಣೆಯ ದಾರ ಕಟ್ಟಿ ಕಡಿದಾದ ಬಂಡೆಯಿಂದ ತಳ್ಳುತ್ತಿದ್ದರು ಎಂದು ಯೆಹೂದ್ಯರ ಹಳೆಯ ಧರ್ಮನಿಯಮಗಳ ಗ್ರಂಥ ಮಿಷ್ನಾ ಹೇಳುತ್ತದೆ. ಅದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಇಂಗ್ಲಿಷ್ ಪದ ಕಾಣಿಸಿಕೊಂಡದ್ದು 1530ರಲ್ಲಿ, ವಿಲಿಯಂ ಟಿಂಡೇಲ್‌ನ ಬೈಬಲ್ ಅನುವಾದದಲ್ಲಿ. ಅಜಾಜೇಲ್ ಅಂದರೆ ಮರುಭೂಮಿಯ ಭೂತವೋ, ಜಾಗದ ಹೆಸರೋ? ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಟಿಂಡೇಲ್ ಅದನ್ನು ಹೆಸರಾಗಿ ಓದಲಿಲ್ಲ. ಹೀಬ್ರೂವಿನಲ್ಲಿ ‘ಏಜ್’ ಅಂದರೆ ಆಡು, ‘ಅಜಲ್’ ಅಂದರೆ ಹೊರಟುಹೋಗು. ಹೊರಟುಹೋಗುವ ಆಡು! ಹಳೆಯ ಲ್ಯಾಟಿನ್ ಬೈಬಲ್ ಕೂಡ ‘ಕಳಿಸಿಬಿಟ್ಟ ಹೋತ’ ಎಂದೇ ಬರೆದಿತ್ತು. ‘ಎಸ್ಕೇಪ್’ ಪದದ ಮೊಟಕು ರೂಪ ‘ಸ್ಕೇಪ್’ಗೆ ‘ಗೋಟ್’ ಸೇರಿತು. 1611ರ ಕಿಂಗ್ ಜೇಮ್ಸ್ ಬೈಬಲ್ ಅದನ್ನೇ ಉಳಿಸಿಕೊಂಡಿತು. ಟಿಂಡೇಲ್ ಅಷ್ಟು ದಿನ ಬದುಕಲಿಲ್ಲ. ಧರ್ಮದ್ರೋಹದ ಆರೋಪ ಹೊರಿಸಿ 1536ರಲ್ಲೇ ಅವನನ್ನು ಕೊಂದಿದ್ದರು.

ಮನುಷ್ಯರನ್ನು ಸ್ಕೇಪ್‌ಗೋಟ್ ಎಂದು ಕರೆಯುವ ರೂಢಿ 19ನೇ ಶತಮಾನದಲ್ಲಿ ಬೆಳೆಯಿತು.

ಹಾಗಾದರೆ ಬಲಿಪಶು ಅನ್ನಬಾರದಾ? ಧಾರಾಳವಾಗಿ ಅನ್ನಿ. ಆದರೆ ಒಂದು ಗುಂಪು ತನ್ನ ತಪ್ಪನ್ನೆಲ್ಲ ಒಬ್ಬರ ಮೇಲೆ ಹಾಕಿ, ಅವರನ್ನು ಹೊರಗಟ್ಟಿ, ತಾನು ಶುದ್ಧವಾದೆ ಅಂದುಕೊಂಡಾಗ ಆ ಪದ ನನಗೆ ಸಾಲದು. ಅಲ್ಲಿ ‘ತಪ್ಪು ತಲೆಗೆ ಕಟ್ಟಿ ಓಡಿಸಿದರು’ ಎಂದೇ ಬರೆಯುತ್ತೇನೆ.